ಬಿಳಿ ದೊರೆಸಾನಿ ಬಾಗಿಲು ಹಾಕಿಕೊಂಡದ್ದು

ಗಾಬರಿಯಾಗುವುದರಲ್ಲಿ ನಾನು ಚಿಕ್ಕಂದಿನಿಂದಲೂ ಮುಂದು. ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ಈಜು ಬರುತ್ತದೆ, ನನಗೆ ಗಾಬರಿ ಬರುತ್ತದೆ. ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕೂಗಿದರೆ, ನಾನು ಮಾಡಿರಬಹುದಾದ ತಪ್ಪು ಯಾವುದೆಂದು ಮೊದಲು ಹುಡುಕಿಕೊಂಡು ಆಮೇಲೆ ತಿರುಗಿ ನೋಡುತ್ತೇನೆ. ಇಂಥವನು ಅಂಕೋಲೆ ಹತ್ತಿರದ ಬೊಬ್ರುವಾಡದ ಮನೆಯಲ್ಲೇ ಗಂಜಿ ಉಂಡು ಗದ್ದೆ ನೋಡಿಕೊಂಡಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಆದರೆ ನಾನು ಮೆಟ್ರಿಕ್ ಪಾಸಾದ ದಿನವೇ ನನ್ನ ಹೆತ್ತ ಆಯಿ, ಇಷ್ಟು ಓದಿದ ಹುಡುಗನನ್ನು ಕೆಸರಿಗೆ ಇಳಿಸಬಾರದೆಂದು ತೀರ್ಮಾನಿಸಿದಳು. ಅಂಕೋಲೆಯಿಂದ ಸರ್ವಿಸ್ ಮೋಟಾರು ಹತ್ತಿ, ಬಿಣಗಾ ಘಟ್ಟದ ತಿರುವಿನಲ್ಲಿ ಕಣ್ಣುಮುಚ್ಚಿ ಕುಳಿತು, ಕಾರವಾರಕ್ಕೆ ಬಂದು ವಕೀಲರೊಬ್ಬರ ಹತ್ತಿರ ಕಾರಕೂನನಾದೆ. ಅಲ್ಲಿ ದಿನಬೆಳಗಾದರೆ ಅಣ್ಣನ ಮೇಲೆ ತಮ್ಮ, ಮಾವನ ಮೇಲೆ ಅಳಿಯ ದಾವೆ ಹೂಡುವುದನ್ನೇ ಬರೆಯುವ ಕೆಲಸ. ಅದರಿಂದ ನನಗೆ ಎಂದೂ ಗಾಬರಿಯಾಗಲಿಲ್ಲ. ವಾದಿ, ಪ್ರತಿವಾದಿ ಎಂದು ಬರೆದುಬಿಟ್ಟರೆ ಎಂಥ ಜಗಳವೂ ಸಭ್ಯವಾಗಿ ಕಾಣುತ್ತದೆ. ನನ್ನ ಎದೆ ಒಡೆದದ್ದು ಯುರೋಪಿನವರ ಸಂಸಾರವನ್ನು ಬಟ್ಟೆಯ ಮೇಲೆ ನೋಡಿದಾಗ.

ಆಗ ಮಾತಾಡುವ ಚಿತ್ರಗಳು ಮುಂಬಯಿಗೆ ಬಂದಾಗಿತ್ತು. ಕಾರವಾರಕ್ಕೆ ಮಾತ್ರ ಇನ್ನೂ ಮೂಕ ಚಿತ್ರಗಳೇ ಬರುತ್ತಿದ್ದವು. ಮಳೆ ಬಿಟ್ಟ ಮೇಲೆ ಬೆಳಗಾವಿ ಕಡೆಯ ಮಾಲೀಕನೊಬ್ಬ ಸಮುದ್ರದ ದಂಡೆಯ ಮರಳಿನಲ್ಲಿ ತಂಬು ಹಾಕಿ, ಎಂಜಿನ್ನು ದಡದಡಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಆಟ ಶುರುಮಾಡುತ್ತಿದ್ದ. ಚಿತ್ರದ ನಡುನಡುವೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಅದನ್ನು ಓದಿ ಜನಕ್ಕೆ ಕತೆ ಹೇಳಲು ಪರದೆಯ ಪಕ್ಕದಲ್ಲಿ ಉದ್ದ ಕೋಲು ಹಿಡಿದ ಒಬ್ಬ ನಿಂತಿರುತ್ತಿದ್ದ. ಆ ಸಲ ಬಂದಿದ್ದವನು ಘಟ್ಟದ ಮೇಲಿನವನು. ಕಾರವಾರದ ಬಂಗಡೆ ಮೀನಿನ ಸಾರಿಗೆ ಮನಸೋತು, ತಿನ್ನುವ ಕ್ರಮ ತಿಳಿಯದೆ ಗಂಟಲಿಗೆ ಮುಳ್ಳು ಸಿಕ್ಕಿಸಿಕೊಂಡು ಮೂಕ ಚಿತ್ರಕ್ಕಿಂತ ಮೂಕನಾದ. ಮಾಲೀಕ ನಮ್ಮ ವಕೀಲರ ಕಕ್ಷಿದಾರ. ‘ನಿಮ್ಮ ಕಾರಕೂನರಿಗೆ ಇಂಗ್ಲಿಷ್ ಬರುತ್ತದೆ, ಕನ್ನಡ ಬರುತ್ತದೆ, ಕೊಂಕಣಿಯೂ ಬರುತ್ತದೆ, ಅವರನ್ನು ಕೊಡಿ’ ಎಂದು ಕೇಳಿದ. ವಕೀಲರು ನನ್ನನ್ನು ಕೇಳದೆಯೇ ಕೊಟ್ಟುಬಿಟ್ಟರು.

ಜನ ಸೇರುವ ಮುನ್ನಾದಿನ ಮಧ್ಯಾಹ್ನ ತಂಬಿನ ಬಾಗಿಲು ಇಳಿಸಿ ನನಗೊಬ್ಬನಿಗೇ ಚಿತ್ರ ತೋರಿಸಿದರು. ಅದು ಜರ್ಮನಿಯದೆಂದು ಮಾಲೀಕ ಹೇಳಿದ, ಫ್ರಾನ್ಸಿನದೆಂದು ಡಬ್ಬಿ ಹೇಳುತ್ತಿತ್ತು. ಕತೆ ಸಣ್ಣದು. ದೊಡ್ಡ ಮನೆಯ ವಿಧವೆ ದೊರೆಸಾನಿ, ಅವಳಿಗೆ ಒಬ್ಬನೇ ಮಗ. ಆ ಮಗ ಗಡಿಯಾರ ರಿಪೇರಿ ಮಾಡುವ ಮುದುಕನ ಮಗಳನ್ನು ಮೆಚ್ಚುತ್ತಾನೆ. ತಾಯಿ ಮನೆತನದ ಮರ್ಯಾದೆಯ ಮಾತು ತೆಗೆದು, ನಾನು ಬೇಕೋ ಅವಳು ಬೇಕೋ ಹೇಳು ಎನ್ನುತ್ತಾಳೆ. ಇಷ್ಟೇ ಆಗಿದ್ದರೆ ಇಂಥದನ್ನು ನಮ್ಮ ಕಚೇರಿಯಲ್ಲೇ ಬೇಕಾದಷ್ಟು ಕಂಡಿದ್ದೆ. ಆದರೆ ಆ ಮಗ ಹೆತ್ತ ತಾಯಿಯ ಎದುರಿಗೆ ಕಾಲಮೇಲೆ ಕಾಲು ಹಾಕಿಕೊಂಡು ಕುಳಿತು ಸಿಗರೇಟು ಹಚ್ಚಿದ. ನಾನು ಕತ್ತಲಲ್ಲಿ ಒಬ್ಬನೇ ಇದ್ದರೂ ಸುತ್ತ ನೋಡಿಕೊಂಡೆ. ಅದು ಮುಗಿಯುತ್ತಲೇ ಅವನು ತೋಟಕ್ಕೆ ಹೋಗಿ ಮರದ ಕೆಳಗೆ ಆ ಹುಡುಗಿಯನ್ನು ಅಪ್ಪಿಕೊಂಡ. ಅಪ್ಪಿಕೊಂಡು ಸುಮ್ಮನಾಗಲಿಲ್ಲ. ಅವರಿಬ್ಬರ ಮುಖಗಳು ಪರದೆಯ ತುಂಬ ಬಂದವು, ಹತ್ತಿರವಾದವು, ಹತ್ತಿರವೇ ಉಳಿದವು. ನನ್ನ ಕಿವಿ ಬಿಸಿಯಾಯಿತು. ಮರುದಿನ ಇದರ ಪಕ್ಕದಲ್ಲಿ ಕೋಲು ಹಿಡಿದು ನಿಂತು, ಇದು ಏನೆಂದು ನಾನು ಜನರಿಗೆ ಬಿಡಿಸಿ ಹೇಳಬೇಕಾಗಿತ್ತು. ಆ ಜನರಲ್ಲಿ ಆಯಿಯೂ ಇರುವವಳಿದ್ದಳು, ಏಕೆಂದರೆ ನಾನು ಪರದೆಯ ಬಳಿ ನಿಂತು ಮಾತಾಡುವ ಸುದ್ದಿಯನ್ನು ಮೋಟಾರಿನ ಡ್ರೈವರನಿಗೆ ಹೇಳಿಕೊಂಡಿದ್ದೆ. ಅಂಕೋಲೆಯಲ್ಲಿ ಡ್ರೈವರನಿಗೆ ಹೇಳುವುದೂ ಡಂಗುರ ಹೊಡೆಸುವುದೂ ಒಂದೇ.

ಬಿಡಾರಕ್ಕೆ ಬಂದು ಉಣ್ಣಲೂ ಮನಸ್ಸಾಗದೆ ಯೋಚಿಸಿದೆ. ಗುರುತಿಲ್ಲದ ಹೆಣ್ಣನ್ನು ಗಂಡು ಹಾಗೆ ಅಪ್ಪಿಕೊಂಡರೆ ನಮ್ಮ ಜನ ಎದ್ದು ಹೋಗುತ್ತಾರೆ. ತಂಗಿಯೆಂದು ಹೇಳೋಣವೆಂದರೆ ಮುಂದೆ ಅವನು ಅವಳ ಬೆರಳಿಗೆ ಉಂಗುರ ತೊಡಿಸುತ್ತಾನೆ. ಆಗ ನನಗೆ ಥಟ್ಟನೆ ಹೊಳೆಯಿತು. ಅವಳನ್ನು ಅವನ ಸೋದರಮಾವನ ಮಗಳೆಂದು ಹೇಳಿದರಾಯಿತು. ನಮ್ಮಲ್ಲಿ ಮಾವನ ಮಗಳೆಂದರೆ ತೊಟ್ಟಿಲಲ್ಲೇ ಗೊತ್ತಾದ ಹೆಂಡತಿ. ಅವಳ ಜೊತೆ ಸ್ವಲ್ಪ ಸಲಿಗೆಯಿಂದ ಇದ್ದರೆ ಹಿರಿಯರು ನೋಡಿಯೂ ನೋಡದಂತೆ ಇರುತ್ತಾರೆ. ಬುದ್ಧಿ ಇಷ್ಟು ಸಲೀಸಾಗಿ ಕೆಲಸ ಮಾಡಿದ್ದಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಮಾವನ ಮಗಳೇ ಏಕೆ ಹೊಳೆಯಬೇಕೆಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಹೊಳೆಯುವುದಕ್ಕೆ ಕಾರಣವಿತ್ತು.

ನನ್ನ ಸ್ವಂತ ಮಾವ, ವಿಠೋಬ ಮಾವ, ಕಾಳಿ ಹೊಳೆಯ ಆಚೆ ಹಣಕೋಣದಲ್ಲಿದ್ದ. ಅವನ ಮಗಳು ಶೇವಂತಿ. ನನಗೆ ಶೇವಂತಿಯೆಂದು ಎರಡೂ ಮನೆಗಳಲ್ಲಿ ಯಾವತ್ತಿನಿಂದಲೋ ಮಾತಿತ್ತು. ಆದರೆ ಆಯಿಗೂ ಮಾವನಿಗೂ ಐದಾರು ವರ್ಷದಿಂದ ಮಾತು ನಿಂತಿತ್ತು. ನಮ್ಮ ಕಡೆ ಚೌತಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಆ ವರ್ಷ ಆಯಿ ಮಿಂದು, ಹೂ ಮುಡಿದು, ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತಳು. ಮೋಟಾರುಗಳು ಬಂದುಹೋದವು, ಅಣ್ಣ ಬರಲಿಲ್ಲ. ದಾರಿಯಲ್ಲಿ ಹೋಗುವ ಹೆಂಗಸರು, ಇನ್ನೂ ಬರಲಿಲ್ಲವೇ ಎಂದು ಕೇಳುತ್ತ ಹೋದರು. ಕಾಳಿಗೆ ನೆರೆ ಬಂದು ದೋಣಿ ನಿಂತಿತ್ತು ಎಂಬುದು ಆಮೇಲೆ ತಿಳಿದ ಸಂಗತಿ. ಮರುದಿನ ಮಾವ ತೊಯ್ದು ತೊಪ್ಪೆಯಾಗಿ ನಮ್ಮ ಅಂಗಳಕ್ಕೆ ಬಂದಾಗ ಆಯಿ ಒಳಗಿನಿಂದ ಬಾಗಿಲಿಗೆ ಅಗಳಿ ಹಾಕಿದಳು. ಬಂದವರಿಗೆ ಬಾಯಾರಿಕೆಗೆ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ಕೊಡದೆ ಹೆಸರು ಕೂಡ ಕೇಳದ ಊರು ನಮ್ಮದು. ಅಂಥ ಊರಲ್ಲಿ ಮಾವ ಜಗಲಿಯ ಕೆಳಗೆ ಮಳೆಯಲ್ಲಿ ನಿಂತಿದ್ದು, ತಂಗಿಯ ಹೆಸರು ಕೂಗಿ, ತಿರುಗಿ ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಹಣಕೋಣ ಎಂಬ ಊರು ಭೂಮಿಯ ಮೇಲೆ ಇಲ್ಲವೆಂಬಂತೆ ನಡೆಯುತ್ತಿತ್ತು. ಉಪ್ಪಿನ ಸತ್ಯಾಗ್ರಹದಲ್ಲಿ ಪೊಲೀಸರ ಕಣ್ಣೆದುರೇ ಉಪ್ಪುನೀರಿನ ಕೊಡ ಹೊತ್ತು ನಡೆದ ಹೆಂಗಸು ಆಯಿ. ಅವಳಿಗೆ ಬುದ್ಧಿ ಹೇಳುವ ಧೈರ್ಯ ಸರಕಾರಕ್ಕೇ ಇರಲಿಲ್ಲ, ನನಗೆಲ್ಲಿಂದ ಬರಬೇಕು? ನನಗೆ ವಯಸ್ಸು ಮೀರುತ್ತಿತ್ತು, ಶೇವಂತಿಗೆ ಬೇರೆ ಕಡೆಯಿಂದ ಕೇಳಿ ಬರುತ್ತಿದ್ದರು, ನಾನು ಕಾರವಾರದ ದೋಣಿ ಧಕ್ಕೆಯಲ್ಲಿ ಆಗೀಗ ಅವಳನ್ನು ದೂರದಿಂದ ನೋಡಿ ಕೊಡೆ ಬಿಚ್ಚಿ ಮುಖ ಮುಚ್ಚಿಕೊಂಡು ಓಡುತ್ತಿದ್ದೆ.

ಮರುದಿನ ಸಂಜೆ ತಂಬು ತುಂಬಿತು. ಅಂಕೋಲೆಯ ಒಂದು ಮೋಟಾರಿನಷ್ಟು ಜನ ಹೆಂಗಸರ ಕಡೆ ಮುಂದೆಯೇ ಮರಳಿನ ಮೇಲೆ ಕುಳಿತಿದ್ದರು, ನಡುವೆ ಆಯಿ. ನಾನು ಕೋಲು ಎತ್ತಿಕೊಂಡು ಒಮ್ಮೆ ಹಿಂದಕ್ಕೆ ನೋಡಿದೆ. ಗಂಡಸರ ಬೆಂಚಿನ ತುದಿಯಲ್ಲಿ ಸಂತೆಗೆ ಬಂದ ವಿಠೋಬ ಮಾವ ಕುಳಿತಿದ್ದ. ಹೆಂಗಸರ ಕಡೆ, ಆಯಿಗಿಂತ ಸ್ವಲ್ಪ ಹಿಂದೆ, ಶೇವಂತಿ. ಆಯಿ ಹಿಂದೆ ತಿರುಗಿದರೆ ಏನು ಗತಿ ಎಂದು ಯೋಚಿಸುವಷ್ಟರಲ್ಲಿ ದೀಪ ಆರಿತು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಮಗ ಸಿಗರೇಟು ಹಚ್ಚಿದಾಗ, ಅದು ದಮ್ಮಿನ ಕಾಯಿಲೆಗೆ ವೈದ್ಯರು ಕೊಟ್ಟ ಔಷಧದ ಹೊಗೆ ಎಂದೆ. ಜನ ಪಾಪ ಎಂದರು. ದೊರೆಸಾನಿ ಬೂಟು ಮೆಟ್ಟಿಕೊಂಡೇ ಊಟಕ್ಕೆ ಕುಳಿತಾಗ, ಅಲ್ಲಿಯ ನೆಲ ಮಂಜುಗಡ್ಡೆ ಎಂದೆ. ಹುಡುಗಿ ಬಂದಾಗ ಗಂಟಲು ಸರಿಮಾಡಿಕೊಂಡು, ಇವಳು ಆತನ ಸೋದರಮಾವನ ಮಗಳು, ದೊರೆಸಾನಿಯ ಒಡಹುಟ್ಟಿದ ಅಣ್ಣನ ಒಬ್ಬಳೇ ಮಗಳು ಎಂದು ಸಾರಿದೆ. ತಂಬಿನ ತುಂಬ ಸಮಾಧಾನದ ಉಸಿರು ಕೇಳಿಸಿತು. ಮರದ ಕೆಳಗೆ ಅವರು ಅಪ್ಪಿಕೊಳ್ಳುವ ಹೊತ್ತಿಗೆ, ಎಷ್ಟೇ ಮಾವನ ಮಗಳಾದರೂ ಇದು ಸಲ್ಲದೆನಿಸಿ, ಯಾವುದೋ ಹೂವನ್ನು ತೋರಿಸುವವನಂತೆ ಕೋಲು ಚಾಚಿ ಪರದೆಯ ಮುಂದೆಯೇ ನಿಂತುಬಿಟ್ಟೆ. ‘ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾನೆ’ ಎಂದು ಎರಡು ಸಲ ಹೇಳಿದೆ. ಹಿಂದಿನಿಂದ ಯಾರೋ ‘ಆಚೆ ಸರಿಯೋ’ ಎಂದು ಕೂಗಿದರು, ನಾನು ಸರಿಯಲಿಲ್ಲ. ಆಮೇಲೆ ಬೆವರು ಒರೆಸಿಕೊಂಡು, ಇನ್ನು ದಾಟಿದೆ ಎಂದುಕೊಂಡೆ.

ಆಗ ಪರದೆಯ ಮೇಲೆ ಹಿಮ ಬೀಳತೊಡಗಿತು. ಹುಡುಗಿಯ ತಂದೆ, ಆ ಮುದುಕ, ಕೋಲೂರಿಕೊಂಡು ದೊಡ್ಡ ಮನೆಯ ಕಡೆಗೆ ನಡೆದು ಬಂದ. ಈ ಭಾಗವನ್ನು ನಾನು ಹಿಂದಿನ ದಿನ ನೋಡದೆ ಇರಲಿಲ್ಲ. ಆದರೆ ಆಗ ಅವನು ಗಡಿಯಾರ ರಿಪೇರಿಯವನಾಗಿದ್ದ, ಇನ್ನೂ ಯಾರ ಅಣ್ಣನೂ ಆಗಿರಲಿಲ್ಲ. ಮುದುಕ ಮೆಟ್ಟಿಲ ಕೆಳಗೆ ನಿಂತು ಟೋಪಿ ತೆಗೆದ. ಬಿಳಿ ತಲೆಯ ಮೇಲೆ ಹಿಮ ಕೂರತೊಡಗಿತು. ದೊರೆಸಾನಿ ತಾನೇ ಬಂದು ಬಾಗಿಲು ತೆರೆದಳು, ಅವನ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದಳು, ಬಾಗಿಲು ಹಾಕಿಕೊಂಡಳು. ತಂಬಿನಲ್ಲಿ ಎಂಜಿನ್ನಿನ ಸದ್ದೊಂದೇ. ನಾನು ಏನು ಮಾಡಿದ್ದೇನೆಂದು ಆಗ ತಿಳಿಯಿತು. ಒಂದು ಮುತ್ತನ್ನು ಮುಚ್ಚಿಡಲು ಹೋಗಿ, ಅಣ್ಣನ ಮುಖದ ಮೇಲೆ ಬಾಗಿಲು ಹಾಕಿದ ತಂಗಿಯನ್ನು ಇಡೀ ಕಾರವಾರಕ್ಕೆ ಕೋಲು ಹಿಡಿದು ತೋರಿಸುತ್ತಿದ್ದೆ. ಅದೂ ಆ ತಂಗಿ ಮುಂದೆ ಕುಳಿತಿರುವಾಗ, ಆ ಅಣ್ಣ ಹಿಂದೆ ಕುಳಿತಿರುವಾಗ.

ಮೊದಲು ಎದ್ದವಳು ಮೀನು ಮಾರುವ ಒಬ್ಬ ಮುದುಕಿ. ‘ಒಡಹುಟ್ಟಿದವ ಬಂದಾನೆ, ಒಂದು ತಂಬಿಗೆ ನೀರು ಕೊಡೂಕೆ ನಿಂಗೆ ಕೈ ಬರ್ಲಿಲ್ವೇನೇ’ ಎಂದು ಪರದೆಯನ್ನೇ ಕೇಳಿದಳು. ಆಮೇಲೆ ಎಲ್ಲರೂ ಶುರುಮಾಡಿದರು. ಹುಡುಗ ಹುಡುಗಿ ಮರದ ಕೆಳಗೆ ಸೇರಿದ್ದಕ್ಕೆ ತುಟಿ ಎರಡು ಮಾಡದ ಜನ ಈಗ ದೊರೆಸಾನಿಯ ಏಳು ತಲೆಮಾರನ್ನು ಎತ್ತಿ ಬೈದರು. ಅಂಕೋಲೆಯ ಹೆಂಗಸರು ಮಾತ್ರ ಬೈಯಲಿಲ್ಲ. ಅವರು ಒಬ್ಬೊಬ್ಬರಾಗಿ ತಿರುಗಿ ಆಯಿಯನ್ನು ನೋಡಿದರು. ಆಯಿ ಯಾರನ್ನೂ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ನಾನು ತೊದಲುತ್ತ, ಅಣ್ಣನೆಂದರೆ ಸ್ವಂತ ಅಣ್ಣನಲ್ಲ, ದೂರದ ಸಂಬಂಧ ಎಂದು ತಿದ್ದಲು ನೋಡಿದೆ. ಒಡಹುಟ್ಟಿದವನೆಂದು ಆಗಲೇ ಹೇಳಿ ಈಗ ಯಾಕೆ ಬದಲಿಸುತ್ತೀ, ದೊರೆಸಾನಿ ನಿನಗೇನು ಕೊಟ್ಟಳು ಎಂದು ಜನ ನನ್ನ ಮೇಲೆಯೇ ಬಿದ್ದರು.

ಚಿತ್ರ ಮುಗಿಯುವುದು ಇನ್ನೂ ಬಾಕಿಯಿತ್ತು. ಮಗ ತಾಯಿಯ ಮಾತಿಗೆ ಕಟ್ಟುಬಿದ್ದು ಮನೆಯಲ್ಲೇ ಉಳಿಯುತ್ತಾನೆ. ಹುಡುಗಿ ತಂದೆಯ ಜೊತೆ ಹಡಗು ಹತ್ತಿ ಹೋಗುತ್ತಾಳೆ. ಕೊನೆಗೆ ವರ್ಷಗಳು ಉರುಳಿ, ಉದ್ದ ಮೇಜಿನ ಒಂದು ತುದಿಗೆ ಮುದುಕಿ ತಾಯಿ, ಇನ್ನೊಂದು ತುದಿಗೆ ತಲೆ ನರೆತ ಮಗ, ನಡುವೆ ಒಂದು ಮೇಣದಬತ್ತಿ. ಇಬ್ಬರೂ ಮಾತಿಲ್ಲದೆ ಉಣ್ಣುತ್ತಿರುತ್ತಾರೆ. ಅದಕ್ಕೆ ಯಾವ ಅಕ್ಷರವೂ ಬರಲಿಲ್ಲ, ನಾನೂ ಏನೂ ಹೇಳಲಿಲ್ಲ. ದೀಪ ಹತ್ತಿತು. ಹಿಂದಿನ ಬೆಂಚು ಖಾಲಿಯಾಗಿತ್ತು, ಶೇವಂತಿಯೂ ಇರಲಿಲ್ಲ. ಮಾಲೀಕ ಓಡಿಬಂದು ನನ್ನ ಕೈ ಹಿಡಿದು, ಇಷ್ಟು ಗಲಾಟೆ ಯಾವ ಊರಲ್ಲೂ ಆಗಿಲ್ಲ, ನಾಳೆಯೂ ಹೀಗೆಯೇ ಹೇಳಬೇಕು ಎಂದ. ನಾನು ಕೋಲನ್ನು ಅವನ ಕೈಗೇ ಕೊಟ್ಟು ಹೊರಬಿದ್ದೆ.

ಆಯಿ ನನ್ನ ಬಿಡಾರಕ್ಕೆ ಬಂದಳು. ಗಂಜಿ ಬಡಿಸಿ ತಾನೂ ನನ್ನ ಎದುರಿಗೆ ಕುಳಿತಳು. ನಡುವೆ ಚಿಮಣಿ ದೀಪ. ನಾನು ದೀಪವನ್ನು ನೋಡಿದೆ, ಅವಳೂ ನೋಡಿದಳು. ಅವಳು ತಟಕ್ಕನೆ ಎದ್ದು ದೀಪವನ್ನು ತೆಗೆದು ಗೂಡಿನಲ್ಲಿಟ್ಟಳು. ಹೆತ್ತ ಮಗನೇ ಪರವೂರಲ್ಲಿ ಮಾನ ಕಳೆದನೆಂದು ಅವಳು ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ, ಎರಡಕ್ಕೂ ನಾನು ತಯಾರಾಗಿದ್ದೆ. ಎರಡೂ ಆಗಲಿಲ್ಲ. ಬೆಳಗಾಗುತ್ತಲೇ ಸೆರಗು ಸರಿಮಾಡಿಕೊಂಡು, ಹಣಕೋಣದ ಕಡೆ ಹೋಗುವ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿದಳು. ನಾನು ಹಲ್ಲುಜ್ಜುವ ಇದ್ದಿಲು ನುಂಗಿಬಿಟ್ಟೆ.

ಮಾವನ ಮನೆಯ ಅಂಗಳದಲ್ಲಿ ಆಯಿ ನಿಂತುಬಿಟ್ಟಳು. ಮೆಟ್ಟಿಲು ಹತ್ತಲಿಲ್ಲ, ಯಾರನ್ನೂ ಕರೆಯಲಿಲ್ಲ. ಬಿಸಿಲು ಏರುತ್ತಿತ್ತು. ಇಲ್ಲಿಯೂ ಬಾಗಿಲು ಬೀಳುತ್ತದೆಂದು ನಾನು ದೋಣಿಯ ದಾರಿಯನ್ನೇ ನೋಡಿಕೊಳ್ಳುತ್ತಿದ್ದೆ. ಬಾಗಿಲ ಸಂದಿಯಲ್ಲಿ ಶೇವಂತಿ ಒಮ್ಮೆ ಕಂಡು ಒಳಗೆ ಓಡಿದಳು. ಆಮೇಲೆ ಮಾವ ಹೊರಗೆ ಬಂದ. ಕೈಯಲ್ಲಿ ನೀರಿನ ತಂಬಿಗೆ, ಅದರ ಬಾಯಿಯ ಮೇಲೆ ತಟ್ಟೆಯಲ್ಲಿ ಬೆಲ್ಲ. ಅವನೇ ಮೆಟ್ಟಿಲಿಳಿದು ಬಂದು ತಂಗಿಯ ಮುಂದೆ ಹಿಡಿದ. ಆಯಿ ಕೈ ಚಾಚಲಿಲ್ಲ. ‘ದಾದಾ, ನಮ್ಮನೇಲಿ ನೀ ಕುಡೀದೆ ಹೋಗಿದ್ದು. ಮೊದ್ಲು ನೀ ಕುಡಿ’ ಎಂದಳು. ಮಾವ ನಿಂತಲ್ಲೇ ಒಂದು ಗುಟುಕು ಕುಡಿದು ತಂಬಿಗೆ ಅವಳಿಗೆ ಕೊಟ್ಟ. ಅವಳು ಕುಡಿಯುತ್ತ ಅತ್ತಳು, ಅಳುತ್ತ ಕುಡಿದಳು, ನೀರು ಮೂಗಿಗೆ ಹತ್ತಿ ಕೆಮ್ಮಿದಳು. ನನಗೂ ಅಳು ಬಂತು. ನನ್ನನ್ನು ಯಾರೂ ಗಮನಿಸಲಿಲ್ಲ, ನನಗೆ ನೀರನ್ನೂ ಕೊಡಲಿಲ್ಲ. ಕೊನೆಗೆ ಕೊಟ್ಟವಳು ಶೇವಂತಿ.

ಮುಂದಿನದನ್ನು ಹೇಳಬೇಕಾಗಿಲ್ಲ. ತುಳಸಿ ಪೂಜೆ ಮುಗಿದ ಮೇಲೆ ಮದುವೆಯಾಯಿತು. ಈಗ ಅಣ್ಣ ತಂಗಿ ಒಂದಾಗಿ, ಯಾವ ಮಾತಿಗೂ ನನ್ನನ್ನು ಒಂಟಿ ಮಾಡುತ್ತಾರೆ. ನನ್ನ ಒಳಗೆ ಮಾತ್ರ ಒಂದು ಮುಳ್ಳು ಉಳಿದಿತ್ತು. ಆಯಿ ಹೋದಲ್ಲೆಲ್ಲ ಆ ದೊರೆಸಾನಿಯ ಕತೆ ಹೇಳುತ್ತಿದ್ದಳು. ಅಂಥ ಕಲ್ಲು ಹೆಂಗಸೂ ಇರುತ್ತಾಳಲ್ಲ, ಒಡಹುಟ್ಟಿದವನಿಗೆ ಹಾಗೆ ಮಾಡಿದಳಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದಳು. ರಜೆಗೆ ಊರಿಗೆ ಬಂದ ನಾನು ಆಗೆಲ್ಲ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋಗುತ್ತಿದ್ದೆ. ಯಾವ ಸುಳ್ಳಿನ ಮೇಲೆ ತನ್ನ ತವರು ಮತ್ತೆ ಸಿಕ್ಕಿತೆಂದು ಅವಳಿಗೆ ಗೊತ್ತಾದರೆ ಏನಾಗುತ್ತದೆ ಎಂಬ ಹೆದರಿಕೆ ನನಗೆ.

ಮುಂದಿನ ವರ್ಷ ಅದೇ ತಂಬು ಬಂತು, ಅದೇ ಚಿತ್ರ ತಂತು. ಘಟ್ಟದ ಮೇಲಿನವನ ಗಂಟಲೂ ಸರಿಯಾಗಿತ್ತು. ಆ ದಿನ ಊರಲ್ಲೇ ಇದ್ದ ನಾನು ಜ್ವರವೆಂದೆ, ಮೋಟಾರು ಕೆಟ್ಟಿದೆಯೆಂದೆ. ಆಯಿ ಕೇಳಲಿಲ್ಲ. ಮಾವನನ್ನು ಹಣಕೋಣದಿಂದ ಕರೆಸಿಕೊಂಡು, ಶೇವಂತಿಯನ್ನು ಹೊರಡಿಸಿಕೊಂಡು, ನನ್ನನ್ನೂ ಎಳೆದುಕೊಂಡು ಬಂದಳು. ಹುಡುಗಿ ಪರದೆಯ ಮೇಲೆ ಬಂದಳು. ಘಟ್ಟದವನು ಗಟ್ಟಿ ದನಿಯಲ್ಲಿ, ಇವಳು ಗಡಿಯಾರ ರಿಪೇರಿ ಮಾಡುವವನ ಮಗಳು, ಇವಳಿಗೂ ದೊರೆಸಾನಿಯ ಮನೆಗೂ ಹಿಂದಿನ ಗುರುತು ಪರಿಚಯ ಏನೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದ. ನಾನು ಕತ್ತಲಲ್ಲಿ ಕಣ್ಣು ಮುಚ್ಚಿದೆ. ಆ ಬಾಗಿಲು ಯಾವಾಗ ಬಿತ್ತೋ, ಹಡಗು ಯಾವಾಗ ಹೊರಟಿತೋ ನಾನು ನೋಡಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಏಳಲಿಲ್ಲ. ಸರಿಯಾದ ಕತೆಗೆ ಜನ ಆಕಳಿಸುತ್ತ ಮನೆಗೆ ಹೊರಟರು.

ಹೊರಗೆ ಮರಳಿನ ಮೇಲೆ ಮಾವ ಮುಂದೆ, ನಾವು ಮೂವರು ಹಿಂದೆ. ತಪ್ಪೊಪ್ಪಿಕೊಳ್ಳಲೆಂದು ನಾನೇ ಬಾಯಿ ತೆರೆದೆ. ಆಯಿ ನನ್ನ ತೋಳು ಹಿಡಿದು ತಡೆದಳು.

‘ಆ ಮುದುಕ ಅವಳ ಅಣ್ಣ ಅಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು, ಮಗಾ. ಅಣ್ಣ ಆಗಿದ್ರೆ ಅವನ ಮುಖ ನೋಡಿ ಬಾಗ್ಲು ಹಾಕೂಕೆ ಆತಿರ್ಲಿಲ್ಲ. ನಂಗೂ ಆಗ್ಲಿಲ್ಲ, ಅದ್ಕೇ ದಾದಾನ ಮುಖ ನೋಡದೇ ಒಳಗಿಂದ್ಲೇ ಅಗಳಿ ಹಾಕಿದ್ದು.’

ಅವಳು ಮುಂದುವರಿದು, ನೇರವಾಗಿ ಹೇಳಿದರೆ ಕೇಳುವವಳಲ್ಲವೆಂದು ತಿಳಿದು ನಾನು ಅಷ್ಟು ಜನರ ನಡುವೆ ಉಪಾಯವಾಗಿ ಕತೆ ಕಟ್ಟಿ ತನ್ನ ಕಣ್ಣು ತೆರೆಸಿದ್ದನ್ನು ತಾನು ಸಾಯುವವರೆಗೂ ಮರೆಯುವುದಿಲ್ಲವೆಂದಳು. ತನ್ನ ಮಗನಿಗೆ ಇಷ್ಟು ಬುದ್ಧಿಯಿದೆಯೆಂದು ತನಗೇ ತಿಳಿದಿರಲಿಲ್ಲವೆಂದಳು. ಶೇವಂತಿ ನನ್ನ ಕಡೆ ತಿರುಗಿ, ಮದುವೆಯಾದ ಮೇಲೆ ಒಮ್ಮೆಯೂ ನೋಡದ ಗೌರವದಿಂದ ನೋಡಿದಳು. ಅದೆಲ್ಲ ಆ ಮುತ್ತನ್ನು ಮುಚ್ಚಲು ಮಾಡಿದ್ದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ದೊಡ್ಡವರಿಗೆ ಬುದ್ಧಿ ಹೇಳಲು ನಾನೆಷ್ಟರವನು ಎಂದು ವಿನಯದಿಂದ ತಲೆ ತಗ್ಗಿಸಿದೆ.

‘ಒಂದೇ ಬೇಜಾರು ನಂಗೆ’ ಎಂದಳು ಆಯಿ, ಸ್ವಲ್ಪ ದೂರ ನಡೆದ ಮೇಲೆ. ‘ಹೋದ ವರ್ಷ ಆ ಹುಡುಗ ಹುಡುಗಿ ಮರದ ಕೆಳಗೆ ನಿಂತಾಗ ನೀ ಕೋಲು ಹಿಡ್ಕಂಡು ಅಡ್ಡ ನಿಂತ್ಬಿಟ್ಟೆ. ನಮ್ಗೆ ಎಂತದೂ ಕಾಣ್ಲಿಲ್ಲ. ಈ ಸಲ ಚಂದ ಕಂಡ್ತು.’

ಶೇವಂತಿ ಸೆರಗಿನಲ್ಲಿ ನಕ್ಕಳು. ಮುಂದೆ ಹೋಗುತ್ತಿದ್ದ ಮಾವ ತಿರುಗದೆಯೇ, ತನಗೂ ಹಾಗೆಯೇ ಅನಿಸಿತೆಂದ. ಕತ್ತಲೆಯಿದ್ದದ್ದು ಒಳ್ಳೆಯದಾಯಿತು, ನನ್ನ ಕಿವಿ ಮತ್ತೆ ಬಿಸಿಯಾಗಿತ್ತು.